ಒಬ್ಬನ ಪಾಲಿನ ಕೆಲಸ: ಮೆಲ್ವಿಲ್ಲನ ‘ಬಾರ್ಟಲ್ಬಿ’

ಹರ್ಮನ್ ಮೆಲ್ವಿಲ್ಲನ ಹೆಸರು ಬಂದೊಡನೆ ವಾಚಕರಿಗೆ 1851ರಲ್ಲಿ ಪ್ರಕಟವಾದ ‘ಮೋಬಿ ಡಿಕ್’ ಎಂಬ ತಿಮಿಂಗಿಲದ ಮಹಾಕಥೆ ನೆನಪಾಗುವುದು ಸಹಜ. ಅದಾದ ಎರಡು ವರ್ಷಗಳ ಮೇಲೆ, 1853ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ, ‘ಪಟ್ನಮ್ಸ್ ಮಂತ್ಲಿ’ ಎಂಬ ಮಾಸಪತ್ರಿಕೆಯಲ್ಲಿ ಕರ್ತೃವಿನ ಹೆಸರಿಲ್ಲದೆ ಎರಡು ಕಂತುಗಳಾಗಿ ಬಂದ ‘ಬಾರ್ಟಲ್ಬಿ’ ಎಂಬುದು ಗಾತ್ರದಲ್ಲಿ ಅಲ್ಪವಾದ ಕಥೆ. 1856ರಲ್ಲಿ ಅದು ಗ್ರಂಥಕರ್ತನ ಕಥಾಸಂಗ್ರಹವೊಂದರಲ್ಲಿ ಸೇರಿತು. ಅಲ್ಲಿ ಸಮುದ್ರವಿಲ್ಲ, ಹಡಗಿಲ್ಲ, ಬೇಟೆಯಿಲ್ಲ. ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ ಒಬ್ಬ ವೃದ್ಧ ವಕೀಲನ ಕಚೇರಿ, ಕೆಲವು ಮೇಜುಗಳು, ಕಿಟಕಿಯ ಆಚೆಗೆ ಇಟ್ಟಿಗೆಯ ಗೋಡೆ. ಇಷ್ಟರಲ್ಲಿಯೇ ಕಥೆ ಬಹುಮಟ್ಟಿಗೆ ನಡೆದುಹೋಗುತ್ತದೆ. ಆದರೂ ಕೆಲಸ ಮಾಡಲೊಲ್ಲದ ಗುಮಾಸ್ತನೊಬ್ಬನನ್ನು ಕುರಿತು ಇಷ್ಟು ಆಳವಾಗಿ ಮನಸ್ಸನ್ನು ಕಲಕುವ ಕಥೆ ವಿರಳವೆಂದೇ ಹೇಳಬೇಕು.

ಕಥೆಯನ್ನು ಹೇಳುವವನು ಆ ವಕೀಲನೇ. ಸಿರಿವಂತರ ಕರಾರುಪತ್ರ, ಅಡಮಾನಪತ್ರಗಳ ನಡುವೆ ನೆಮ್ಮದಿಯಾಗಿ ಬಾಳುವ ಮನುಷ್ಯ. ಅವನಲ್ಲಿ ಇಬ್ಬರು ನಕಲುಗಾರರು: ಅರವತ್ತರ ಸಮೀಪದ ಟರ್ಕಿ, ಇಪ್ಪತ್ತೈದರ ನಿಪರ್ಸ್. ಟರ್ಕಿಯ ಬೆಳಗಿನ ಕೆಲಸ ಚೊಕ್ಕಟ. ಮಧ್ಯಾಹ್ನವಾದ ಮೇಲೆ ಮುಖ ಕೆಂಪೇರಿ ಕಾಗದದ ಮೇಲೆಲ್ಲ ಮಸಿ ಚೆಲ್ಲುತ್ತದೆ. ನಿಪರ್ಸನಿಗೆ ಅಜೀರ್ಣದ ಬಾಧೆ ಬೆಳಗಿನಲ್ಲಿ. ಅವನ ಕೋಪವೂ ಆಗಲೇ. ಹೀಗೆ ಒಬ್ಬನ ದೋಷವನ್ನು ಮತ್ತೊಬ್ಬನ ಗುಣ ಸರಿದೂಗಿಸಿಕೊಂಡು ಹೋಗುತ್ತದೆ. ಸಣ್ಣಪುಟ್ಟ ಕೆಲಸಗಳಿಗೆ ಹನ್ನೆರಡು ವರ್ಷದ ಹುಡುಗನೊಬ್ಬ. ವಾರಕ್ಕೆ ಒಂದು ಡಾಲರ್ ಸಂಬಳ. ಕೆಲಸ ಹೆಚ್ಚಿದಾಗ ಹೊಸದಾಗಿ ಬಂದವನು ಬಾರ್ಟಲ್ಬಿ. ಮೊದಲು ಹಗಲಿರುಳೆನ್ನದೆ ಬರೆಯುತ್ತಾನೆ. ಮೂರನೆಯ ದಿನ, ಬರೆದ ಪ್ರತಿಯನ್ನು ಮೂಲದೊಡನೆ ಒಪ್ಪಿಟ್ಟು ನೋಡಲು ಕರೆದಾಗ, ತನಗೆ ಅದು ಇಷ್ಟವಿಲ್ಲವೆಂದು ಮೆಲ್ಲಗೆ ತಿಳಿಸುತ್ತಾನೆ. ಅಂದಿನಿಂದ ಆ ಮೃದುವಾದ ನಿರಾಕರಣೆ ಒಂದೊಂದಾಗಿ ಎಲ್ಲ ಕೆಲಸಗಳಿಗೂ ಹಬ್ಬಿ, ಕಡೆಗೆ ಬರೆವಣಿಗೆಯೇ ನಿಂತುಹೋಗುತ್ತದೆ. ಅವನನ್ನು ಹೊರಡಿಸಲಾರದೆ ವಕೀಲನೇ ಕಚೇರಿಯನ್ನು ಬೇರೆಡೆಗೆ ಸಾಗಿಸುತ್ತಾನೆ. ಬಾರ್ಟಲ್ಬಿಯನ್ನು ಅಲೆಮಾರಿಯೆಂದು ಹಿಡಿದು ಸೆರೆಮನೆಗೆ ಕಳುಹಿಸುತ್ತಾರೆ. ಅಲ್ಲಿ ಅವನು ಅನ್ನವನ್ನೂ ಒಲ್ಲದೆ ಸಾಯುತ್ತಾನೆ.

ಈ ಕಥೆಯನ್ನು ಓದಿದವರ ಕರುಣೆಯೆಲ್ಲ ಬಾರ್ಟಲ್ಬಿಯ ಕಡೆಗೆ ಹರಿಯುವುದು ಸ್ವಾಭಾವಿಕ. ಅವನನ್ನು ವಿರಕ್ತನೆಂದೂ, ಯಂತ್ರದಂತಹ ದುಡಿಮೆಯನ್ನು ಪ್ರತಿಭಟಿಸಿದ ವೀರನೆಂದೂ ವ್ಯಾಖ್ಯಾನಿಸಿದವರು ಅನೇಕರು. ಆದರೆ ಅವನು ಬಿಟ್ಟ ಕೆಲಸ ಎಲ್ಲಿಗೆ ಹೋಯಿತು? ಈ ಪ್ರಶ್ನೆಯನ್ನು ಕೇಳಿದವರು ಕಡಮೆ. ಉತ್ತರ ಕಥೆಯೊಳಗೇ ಸ್ಪಷ್ಟವಾಗಿದೆ.

ನಕಲುಗಾರನ ಉದ್ಯೋಗದಲ್ಲಿ ಬರೆಯುವುದು ಅರ್ಧ, ಒಪ್ಪಿಡುವುದು ಇನ್ನರ್ಧ. ಒಬ್ಬನು ಪ್ರತಿಯನ್ನು ಓದಬೇಕು, ಮತ್ತೊಬ್ಬನು ಮೂಲವನ್ನು ಹಿಡಿದು ಪದಪದವಾಗಿ ನೋಡಬೇಕು. ಅದು ಎಷ್ಟು ಬೇಸರದ ಕೆಲಸವೆಂಬುದನ್ನು ವಕೀಲನೇ ಒಪ್ಪುತ್ತಾನೆ. ಕವಿ ಬೈರನ್ನನಂಥವನು ಇಕ್ಕಟ್ಟಾದ ಅಕ್ಷರದ ಐನೂರು ಪುಟಗಳನ್ನು ಹೀಗೆ ನೋಡುತ್ತ ಕುಳಿತಿರಲಾರನೆಂದು ಹಾಸ್ಯ ಮಾಡುತ್ತಾನೆ. ಎರಡನೆಯ ನಿರಾಕರಣೆಯ ದಿನ ವಕೀಲನು ಉಳಿದವರ ಅಭಿಪ್ರಾಯವನ್ನು ಕೇಳುತ್ತಾನೆ. ಬೆಳಗಿನ ಹೊತ್ತಾದುದರಿಂದ ಟರ್ಕಿಯ ಉತ್ತರ ವಿನಯದ್ದು, ನಿಪರ್ಸನದು ಉಗ್ರವಾದುದು. ಅಭಿಪ್ರಾಯವನ್ನೇನೋ ಕೇಳಿದ್ದಾಯಿತು, ತೀರ್ಮಾನ ಮಾತ್ರ ಮುಂದಕ್ಕೆ ಹೋಯಿತು. ಬಾರ್ಟಲ್ಬಿಯಿಲ್ಲದೆಯೇ ಅಂದಿನ ಪ್ರತಿಗಳನ್ನು ಒಪ್ಪಿಟ್ಟರು. ಆಗ ನಿಪರ್ಸನು ಹಲ್ಲು ಕಡಿಯುತ್ತ, ಕೂಲಿಯಿಲ್ಲದೆ ಮತ್ತೊಬ್ಬನ ಕೆಲಸ ಮಾಡುವುದು ಇದೇ ಮೊದಲು, ಇದೇ ಕೊನೆ ಎಂದು ಗೊಣಗುತ್ತಾನೆ.

ಅದು ಕೊನೆಯಾಗಲಿಲ್ಲ. ಕೆಲವು ದಿನಗಳು ಕಳೆಯುವಷ್ಟರಲ್ಲಿ ಕಚೇರಿಯಲ್ಲಿ ಒಂದು ಹೊಸ ಪದ್ಧತಿ ನೆಲೆಗೊಂಡಿತು. ಬಾರ್ಟಲ್ಬಿ ನೂರು ಪದಗಳಿಗೆ ನಾಲ್ಕು ಸೆಂಟಿನಂತೆ, ವಾಡಿಕೆಯ ದರದಲ್ಲಿಯೇ, ನಕಲು ಮಾಡುತ್ತಾನೆ. ಅವನ ಬರೆಹವನ್ನು ಒಪ್ಪಿಡುವ ಹೊಣೆ ಮಾತ್ರ ಟರ್ಕಿ ನಿಪರ್ಸರದು. ಅವರ ಸೂಕ್ಷ್ಮದೃಷ್ಟಿಗೆ ಸಲ್ಲಿಸಿದ ಗೌರವವೆಂದು ವಕೀಲನು ಇದನ್ನು ನಗೆಯಿಂದ ತೇಲಿಸಿಬಿಡುತ್ತಾನೆ. ನಿಪರ್ಸನ ಪ್ರತಿಜ್ಞೆ ಏನಾಯಿತೆಂದು ಯಾರೂ ವಿಚಾರಿಸುವುದಿಲ್ಲ. ಜೊತೆಗಾರನ ಪಾಲನ್ನು ಹೊತ್ತುಕೊಂಡವರ ಅಸಮಾಧಾನವೆಲ್ಲ ಲೋಕದಲ್ಲಿ ಹೀಗೆಯೇ ಮುಗಿಯುತ್ತದೆ: ಮೊದಲ ದಿನ ಅದು ಕೋಪ, ಮರುದಿನ ಗೊಣಗಾಟ, ಮೂರನೆಯ ದಿನ ಕಚೇರಿಯ ಪದ್ಧತಿ.

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. ಅಮೆರಿಕಾದಲ್ಲಿಯೇ, 1849ರಲ್ಲಿ, ಥೋರೋ ಅನ್ಯಾಯಕ್ಕೆ ಸಹಕರಿಸದಿರುವ ಧರ್ಮವನ್ನು ಕುರಿತು ತನ್ನ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದ್ದನು. ಗಾಂಧೀಜಿಯವರೂ ಅದನ್ನು ಓದಿ ಮೆಚ್ಚಿದ್ದರು. ಬಾರ್ಟಲ್ಬಿಯ ನಿರಾಕರಣೆಯೂ ಆ ಜಾತಿಯದೇ ಅಲ್ಲವೆ? ಹೋಲಿಕೆ ಆಕರ್ಷಕವಾಗಿದೆ, ಆದರೆ ನಿಲ್ಲುವುದಿಲ್ಲ. ಥೋರೋ ತೆರಿಗೆಯನ್ನು ನಿಲ್ಲಿಸಿದಾಗ ಕಾರಣವನ್ನು ಹೇಳಿದನು. ಸತ್ಯಾಗ್ರಹಿಯೂ ತಾನು ಯಾವುದನ್ನು ಏಕೆ ಒಲ್ಲೆನೆಂಬುದನ್ನು ಎದುರಾಳಿಗೆ ತಿಳಿಸಿ, ಅದರ ಕಷ್ಟವನ್ನು ತನ್ನ ಮೈಮೇಲೆ ಎಳೆದುಕೊಳ್ಳುತ್ತಾನೆ. ಬಾರ್ಟಲ್ಬಿ ಕಾರಣವನ್ನು ಹೇಳುವುದೇ ಇಲ್ಲ. ಕಡೆಯಲ್ಲಿ ಅವನು ಪಟ್ಟ ಕಷ್ಟ ಅಪಾರವಾದರೂ, ಅದಕ್ಕೂ ಮೊದಲು ಅವನ ನಿರಾಕರಣೆಯ ಭಾರ ಬಿದ್ದುದು ವಕೀಲನ ಮೇಲಲ್ಲ. ತನ್ನಂತೆಯೇ ಕೂಲಿಗೆ ಬರೆಯುವ ಇಬ್ಬರ ಮೇಲೆ. ಇದರಿಂದ ಅವನು ದುಷ್ಟನಾಗುವುದಿಲ್ಲ. ಅವನ ಮನಸ್ಸು ನೊಂದದ್ದೆಂಬುದಕ್ಕೆ ಕಥೆಯಲ್ಲಿ ಸಾಕಷ್ಟು ಸೂಚನೆಯಿದೆ. ಆದರೆ ನೊಂದವನನ್ನು ವೀರನೆಂದು ಕರೆದರೆ ಅವನ ನೋವಿಗೂ ನ್ಯಾಯವಾಗದು, ಅವನ ಜೊತೆಗಾರರ ದುಡಿಮೆಗೂ ನ್ಯಾಯವಾಗದು.

ವಿಮರ್ಶೆಗೆ ಹೆಚ್ಚು ಮುಖ್ಯವಾದವನು ವಕೀಲನು. ಅವನ ಕರುಣೆ ಸುಳ್ಳಲ್ಲ. ಕೊಡಬೇಕಾದ ಹನ್ನೆರಡು ಡಾಲರುಗಳ ಜೊತೆಗೆ ಇಪ್ಪತ್ತನ್ನು ಸೇರಿಸಿ ಮೇಜಿನ ಮೇಲೆ ಇಡುತ್ತಾನೆ; ಕಡೆಗೆ ತನ್ನ ಮನೆಗೇ ಬಂದಿರೆಂದು ಬಾರ್ಟಲ್ಬಿಯನ್ನು ಕರೆಯುತ್ತಾನೆ. ಅಷ್ಟು ಮಾಡುವ ಯಜಮಾನರು ಎಲ್ಲಿಯೂ ಹೆಚ್ಚಿಲ್ಲ. ಆದರೆ ಕಥೆಯ ಮೊದಲ ಭಾಗದಲ್ಲಿ ಅವನೇ ಒಂದು ಗುಟ್ಟನ್ನು ಬಿಟ್ಟುಕೊಡುತ್ತಾನೆ: ಈ ವಿಚಿತ್ರ ಮನುಷ್ಯನನ್ನು ಸೈರಿಸಿಕೊಂಡರೆ ಹೆಚ್ಚು ಖರ್ಚಿಲ್ಲದೆ ತನ್ನ ಅಂತಃಸಾಕ್ಷಿಗೆ ಒಂದು ಸವಿಯಾದ ತೃಪ್ತಿ ದೊರೆಯುವುದೆಂದು. ಖರ್ಚಿಲ್ಲವೆಂಬುದು ಅವನ ಲೆಕ್ಕ. ಆ ಖರ್ಚನ್ನು ಪ್ರತಿದಿನ ತೆರುತ್ತಿದ್ದವರು ಪಕ್ಕದ ಕೋಣೆಯಲ್ಲಿ ಮೂಲಪತ್ರವನ್ನು ಹಿಡಿದು ಕುಳಿತಿದ್ದರು. ಅವರಿಗೆ ಒಪ್ಪಿಡುವ ಕೆಲಸಕ್ಕೆ ಕೂಲಿ ಗೊತ್ತುಮಾಡಿ, ಬಾರ್ಟಲ್ಬಿಯ ದರವನ್ನು ಅದಕ್ಕೆ ತಕ್ಕಂತೆ ಇಳಿಸಿದ್ದರೆ, ಕರುಣೆಯೂ ಉಳಿಯುತ್ತಿತ್ತು, ನ್ಯಾಯವೂ ಉಳಿಯುತ್ತಿತ್ತು. ವಕೀಲನಿಗೆ ಆ ಯೋಚನೆ ಹೊಳೆಯುವುದೇ ಇಲ್ಲ. ದಿನವೂ ಲೆಕ್ಕಪತ್ರಗಳ ನಡುವೆ ಬಾಳುವವನಿಗೆ ಈ ಲೆಕ್ಕ ಕಾಣದಿರುವುದರಲ್ಲಿಯೇ ಮೆಲ್ವಿಲ್ಲನ ವ್ಯಂಗ್ಯವಿದೆ.

ಇದು ಕೃತಿಯ ದೋಷವೋ ಗುಣವೋ? ಟರ್ಕಿ ನಿಪರ್ಸರಿಗೆ ನಿಜವಾದ ಹೆಸರಿಲ್ಲ. ಇರುವುದು ತಮ್ಮತಮ್ಮೊಳಗೆ ಇಟ್ಟುಕೊಂಡ ಅಡ್ಡಹೆಸರು. ಅವರನ್ನು ಹಾಸ್ಯದ ಬೊಂಬೆಗಳನ್ನಾಗಿ ಮಾತ್ರ ಚಿತ್ರಿಸಿದ್ದಾನೆಂದು ಗ್ರಂಥಕರ್ತನನ್ನು ದೂರಬಹುದು. ಆದರೆ ಕಥೆಯೆಲ್ಲ ವಕೀಲನ ಬಾಯಿಂದ ಬಂದುದೆಂಬುದನ್ನು ಮರೆಯಬಾರದು. ಅವರನ್ನು ನೋಡಿ ನಗುವ ಕಣ್ಣು ಅವನದು. ಕೂಲಿಯಿಲ್ಲದ ಕೆಲಸವನ್ನು ಕುರಿತ ನಿಪರ್ಸನ ಆ ಒಂದು ಮಾತನ್ನು ಅಳಿಸದೆ ಉಳಿಸಿದ ಕೈ ಮೆಲ್ವಿಲ್ಲನದು. ಮುಂದೆ ಬಾರ್ಟಲ್ಬಿಯ ಮೆಚ್ಚಿನ ಪದ ಈ ಇಬ್ಬರ ನಾಲಗೆಗೂ ತಿಳಿಯದೆಯೇ ಅಂಟಿಕೊಳ್ಳುವ ಸನ್ನಿವೇಶವೊಂದಿದೆ. ಪದ ಅಂಟಿತು, ಆದರೂ ಅವರು ಕೆಲಸವನ್ನು ಬಿಡಲಿಲ್ಲ. ಬಾಯಲ್ಲಿ ಆ ಪದವನ್ನಿಟ್ಟುಕೊಂಡೇ ಲೇಖನಿಯನ್ನು ಹಿಡಿದರು. ನಗಿಸುವ ಈ ಪ್ರಸಂಗದ ಧ್ವನಿ ನಗೆಯದಲ್ಲ.

ಆದುದರಿಂದ ‘ಬಾರ್ಟಲ್ಬಿ’ಯನ್ನು ಎರಡು ಸಾರಿ ಓದುವುದು ಮೇಲು. ಮೊದಲ ಸಾರಿ ತೆರೆಯ ಹಿಂದೆ ಗೋಡೆಯನ್ನು ನೋಡುತ್ತ ನಿಂತವನ ಕಡೆಯಿಂದ. ಎರಡನೆಯ ಸಾರಿ ತೆರೆಯ ಈಚೆಗಿರುವವರ ಕಡೆಯಿಂದ. ಕಥೆಯ ಕೊನೆಯಲ್ಲಿ ವಕೀಲನ ನಿಟ್ಟುಸಿರು ಇಡೀ ಮನುಷ್ಯಕುಲವನ್ನು ಕುರಿತು ಹೊರಡುತ್ತದೆ. ಟರ್ಕಿಯೂ ನಿಪರ್ಸನೂ ಆ ಮನುಷ್ಯಕುಲಕ್ಕೆ ಸೇರಿದವರೆಂಬುದು ಅವನಿಗೆ ನೆನಪಿತ್ತೋ ಇಲ್ಲವೋ; ವಾಚಕರಿಗೆ ನೆನಪಿರಬೇಕು.