ನಿಕ್ಕೋದ ಮೇಲೆ ಹೊರಿಸಿದ ಅಪವಾದ

ಜಪಾನಿನ ಕಲೆಯ ಮಾತು ಬಂದಾಗಲೆಲ್ಲ ಒಂದು ತೀರ್ಪು ತಪ್ಪದೆ ಹಿಂದೆಯೇ ಬರುತ್ತದೆ. ಸರಳತೆಯೇ ಅದರ ಜೀವಾಳ. ಬಣ್ಣ ಕಾಣದ ಮರ, ಖಾಲಿ ಕೋಣೆ, ಬಿಳಿ ಕಾಗದದ ಬಾಗಿಲು. ಕ್ಯೋಟೋದ ಕತ್ಸುರ ಅರಮನೆ ಮತ್ತು ಇಸೆಯ ಮಂದಿರ ಅದರ ಶಿಖರ, ನಿಕ್ಕೋದ ತೋಶೋಗು ಗುಡಿ ಅದರ ಪತನ. ಪ್ರವಾಸ ಕೈಪಿಡಿಗಳಲ್ಲೂ ವಾಸ್ತುಶಿಲ್ಪದ ತರಗತಿಗಳಲ್ಲೂ ಈ ಮಾತು ಎಷ್ಟು ಸಲೀಸಾಗಿ ಓಡಾಡುತ್ತದೆಂದರೆ, ಇದನ್ನು ಯಾರು ಹೇಳಿದರು, ಯಾವಾಗ, ಯಾಕೆ ಎಂದು ಕೇಳುವವರೇ ಕಡಿಮೆ.

ಇದಕ್ಕೆ ಗಟ್ಟಿ ದನಿ ಕೊಟ್ಟವರು ಜರ್ಮನಿಯ ವಾಸ್ತುಶಿಲ್ಪಿ ಬ್ರೂನೋ ಟೌಟ್. ನಾಜಿಗಳಿಂದ ತಪ್ಪಿಸಿಕೊಂಡು ಅವರು 1933ರ ಮೇ ತಿಂಗಳಲ್ಲಿ ಜಪಾನಿಗೆ ಬಂದಿಳಿದರು. ಮರುದಿನವೇ, ಅದೂ ಅವರ ಹುಟ್ಟುಹಬ್ಬದ ದಿನ, ಅವರನ್ನು ಕತ್ಸುರಕ್ಕೆ ಕರೆದೊಯ್ದರು. ಅದೇ ತಿಂಗಳು ನಿಕ್ಕೋವನ್ನೂ ನೋಡಿದರು. ಕತ್ಸುರದ್ದು ಚಕ್ರವರ್ತಿಯ ಕಲೆ, ನಿಕ್ಕೋದ್ದು ಸೇನಾಧಿಪತಿ ದೊರೆಯಾದ ಶೋಗುನ್‌ನ ಕಲೆ. ಒಂದು ಅಪ್ಪಟ, ಇನ್ನೊಂದು ಅಗ್ಗದ ಆಡಂಬರ ಎಂದು ಬರೆದರು. ಅವರನ್ನು ಕರೆಸಿಕೊಂಡವರು ಜಪಾನಿನ ಆಧುನಿಕ ವಾಸ್ತುಶಿಲ್ಪಿಗಳು. ತಮ್ಮ ಹೊಸ ಶೈಲಿಗೆ ಹಳೆಯದೊಂದು ವಂಶಾವಳಿ ಅವರಿಗೆ ಬೇಕಿತ್ತು. ಯುರೋಪಿನ ಹೆಸರಾಂತ ಅತಿಥಿಯ ಬಾಯಿಂದಲೇ ಅದು ಬಂದಿತು.

ಟೌಟ್ ದೊಡ್ಡ ವಾಸ್ತುಶಿಲ್ಪಿ. ಆದರೆ 1914ರಲ್ಲಿ ಕಲೋನ್‌ನಲ್ಲಿ ಬಣ್ಣದ ಗಾಜಿನ ಮಂಟಪ ಕಟ್ಟಿದವರೂ, 1920ರ ದಶಕದಲ್ಲಿ ಮಾಗ್ಡೆಬರ್ಗ್ ನಗರದ ಮನೆಗಳ ಮುಂಭಾಗಕ್ಕೆ ಢಾಳಾಗಿ ಬಣ್ಣ ಹೊಡೆಸಿದವರೂ ಇವರೇ. ಬಣ್ಣವನ್ನು ಬೀದಿಗಿಳಿಸಿದ ಮನುಷ್ಯನಿಗೆ ನಿಕ್ಕೋದ ಬಣ್ಣ ಕಣ್ಣಿಗೆ ಚುಚ್ಚಿತೆಂದರೆ ನಂಬುವುದು ಕಷ್ಟ. ಚುಚ್ಚಿದ್ದು ಆ ಬಣ್ಣದ ಹಿಂದಿದ್ದ ಸರ್ವಾಧಿಕಾರಿ ದೊರೆ. ಜರ್ಮನಿಯಲ್ಲಿ ಕಂಡು ಬಂದ ದೌರ್ಜನ್ಯದ ಸಿಟ್ಟನ್ನು ಅವರು 300 ವರ್ಷ ಹಿಂದಿನ ಬಡಗಿಗಳ ಮೇಲೆ ತೀರಿಸಿಕೊಂಡರು.

ಆ ಬಡಗಿಗಳು ಮಾಡಿದ್ದಾದರೂ ಏನು? ಶೋಗುನ್ ತೊಕುಗವಾ ಇಯೆಯಾಸು ತೀರಿಕೊಂಡಿದ್ದು 1616ರಲ್ಲಿ. ಮರುವರ್ಷ ಅವನ ಸಮಾಧಿಯನ್ನು ನಿಕ್ಕೋ ಬೆಟ್ಟಕ್ಕೆ ತಂದರು. ಇಂದು ನಾವು ನೋಡುವ ಕಟ್ಟಡಗಳಲ್ಲಿ ಹೆಚ್ಚಿನವು ಮೊಮ್ಮಗ ಇಯೆಮಿತ್ಸು 1634ರಿಂದ 1636ರ ನಡುವೆ ಹೊಸದಾಗಿ ಕಟ್ಟಿಸಿದವು. ಯೋಮೆಯ್‌ಮೊನ್ ಎಂಬ ಹೆಬ್ಬಾಗಿಲೊಂದರಲ್ಲೇ 500ಕ್ಕೂ ಹೆಚ್ಚು ಕೆತ್ತನೆಗಳಿವೆ. ಟೀಕಾಕಾರರು ಈ ಸಂಖ್ಯೆಗೇ ಬೆದರಿ ನಿಂತುಬಿಡುತ್ತಾರೆ. ಕೆತ್ತಿರುವುದು ಏನೆಂದು ನೋಡುವ ತಾಳ್ಮೆ ಅವರಿಗಿಲ್ಲ. ಡ್ರ್ಯಾಗನ್‌ಗಳ ನಡುವೆ ಅಲ್ಲಿ ಆಟವಾಡುವ ಮಕ್ಕಳಿದ್ದಾರೆ. ಒಳಗೆ, ಸಮಾಧಿಗೆ ಹೋಗುವ ದಾರಿಯ ಬಾಗಿಲ ಮೇಲೆ, ಹೆಸರಾಂತ ಬೆಕ್ಕು ನಿದ್ದೆ ಮಾಡುತ್ತಿದೆ. ಅದರ ಬೆನ್ನ ಹಿಂದೆಯೇ ಗುಬ್ಬಚ್ಚಿಗಳು ನಿರ್ಭಯವಾಗಿ ಆಡುತ್ತಿವೆ. ನೂರು ವರ್ಷಕ್ಕೂ ಮೀರಿದ ಅಂತರ್ಯುದ್ಧ ಮುಗಿಸಿ ಎದ್ದ ನಾಡಿನಲ್ಲಿ, ಯುದ್ಧ ಗೆದ್ದವನ ಗುಡಿಯಲ್ಲಿ, ಶಿಲ್ಪಿಗಳು ಆರಿಸಿಕೊಂಡ ವಿಷಯ ಇದು. ಇದನ್ನು ಆಡಂಬರ ಎನ್ನುವುದು ಕುರುಡುತನ.

ಎಲ್ಲಕ್ಕಿಂತ ಮುಖ್ಯವಾದುದು ಪವಿತ್ರ ಕುದುರೆಯ ಲಾಯ. ಕೆಟ್ಟದ್ದನ್ನು ನೋಡದ, ಕೇಳದ, ಆಡದ ಮೂರು ಕೋತಿಗಳು ಇರುವುದು ಇಲ್ಲಿಯೇ. ಜನ ಆ ಒಂದು ಫಲಕದ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಇರುವುದು ಎಂಟು ಫಲಕ, 16 ಕೋತಿ. ಮೊದಲ ಫಲಕದಲ್ಲಿ ತಾಯಿ ಹಣೆಗೆ ಕೈ ಅಡ್ಡ ಹಿಡಿದು ಮಗುವಿನ ಮುಂದಿನ ಬದುಕನ್ನು ದೂರದಲ್ಲಿ ಹುಡುಕುತ್ತಾಳೆ; ಮಗು ಅವಳ ಮುಖವನ್ನೇ ನೋಡುತ್ತಿದೆ. ಮುಂದೆ ಹರೆಯ, ಆಸೆ, ಸೋಲು, ಪ್ರೇಮ, ಮದುವೆ. ಕೊನೆಯದರಲ್ಲಿ ಬಸುರಿ ಕೋತಿ, ಅಲ್ಲಿಂದ ಕಥೆ ಮತ್ತೆ ಮೊದಲಿಗೆ. ಮೆರುಗೆಣ್ಣೆ, ಚಿನ್ನದಿಂದ ಹೊಳೆಯುವ ಆ ಆವರಣದಲ್ಲಿ ಈ ಲಾಯದ ಕಟ್ಟಡಕ್ಕೆ ಮಾತ್ರ ಬಣ್ಣವಿಲ್ಲ. ಬರೀ ಮರ. ಸರಳತೆ ಗೊತ್ತಿಲ್ಲದವರು ಕಟ್ಟಿದ್ದಲ್ಲ ನಿಕ್ಕೋ. ಎಲ್ಲಿ ಸರಳವಾಗಿರಬೇಕು, ಎಲ್ಲಿ ತುಂಬಿ ತುಳುಕಬೇಕು ಎಂದು ಬಲ್ಲವರು ಕಟ್ಟಿದ್ದು.

ಕತ್ಸುರದ ಸರಳತೆಯೂ ಹೇಳುವಷ್ಟು ಸರಳವಲ್ಲ. ರಾಜಕುಮಾರ ತೊಶಿಹಿತೋ ಆರಂಭಿಸಿ ಮಗ ತೊಶಿತದ ಬೆಳೆಸಿದ ಈ ಅರಮನೆ ನಿಕ್ಕೋದ ಸಮಕಾಲೀನ. ಅಲ್ಲಿನ ಪ್ರಸಿದ್ಧ ಗೋಡೆಕಪಾಟನ್ನು ಹೊರನಾಡಿನಿಂದ ತರಿಸಿದ ಎಬೊನಿಯಂಥ ದುಬಾರಿ ಮರಗಳಿಂದ ಮಾಡಿದ್ದಾರೆ. ಚಹಾ ಮನೆ ಶೋಕಿನ್‌ತೇಯ್‌ಯ ಬಾಗಿಲಿಗೆ ನೀಲಿ-ಬಿಳಿ ಚೌಕಳಿಯ ಕಾಗದವಿದೆ. ಅದಕ್ಕಿಂತ ದಿಟ್ಟ ಬಣ್ಣಗಾರಿಕೆ ನಿಕ್ಕೋದಲ್ಲೂ ಅಪರೂಪ. ನಿಕ್ಕೋದ ಆನೆಗಳ ಕೆತ್ತನೆಯನ್ನು ಕಲ್ಪಿಸಿಕೊಟ್ಟ ಚಿತ್ರಕಾರ ಕಾನೋ ತನ್‌ಯು ಬಿಡಿಸಿದ್ದೆಂದು ಹೇಳುವ ಚಿತ್ರಗಳು ಕತ್ಸುರದ ಒಳಕೋಣೆಯಲ್ಲಿವೆ. ಒಬ್ಬನೇ ಕಲಾವಿದ ಎರಡೂ ಕಡೆ ಸಲ್ಲುತ್ತಿದ್ದ ಕಾಲವನ್ನು ವಿಮರ್ಶಕರು ನಡುವೆ ಸೀಳಿ ಎರಡು ಮಾಡಿದರು. ಆ ಸೀಳನ್ನು ಕ್ಯಾಮೆರಾ ಗಟ್ಟಿ ಮಾಡಿತು. 1960ರಲ್ಲಿ ವಾಸ್ತುಶಿಲ್ಪಿಗಳಾದ ಕೆಂಜೋ ತಾಂಗೆ ಮತ್ತು ಗ್ರೋಪಿಯಸ್ ಬರಹಗಳೊಂದಿಗೆ ಬಂದ ಕತ್ಸುರ ಪುಸ್ತಕದಲ್ಲಿ ಇಶಿಮೊತೋ ಯಾಸುಹಿರೋ ತೆಗೆದ ಕಪ್ಪು-ಬಿಳುಪು ಚಿತ್ರಗಳಿವೆ. ಅವುಗಳಲ್ಲಿ ಬಾಗಿದ ಚಾವಣಿಗಳು ಬಹುಪಾಲು ಚೌಕಟ್ಟಿನ ಆಚೆಗೇ ಉಳಿದವು. ಓದುಗರಿಗೆ ಸಿಕ್ಕಿದ್ದು ಗೆರೆ ಮತ್ತು ಚೌಕ.

ಇಸೆಯೂ ಹಾಗೆಯೇ. 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುವ ಆ ಮಂದಿರವನ್ನು ಬರೀ ಮರದ ಮಹಿಮೆ ಎಂದು ಕೊಂಡಾಡುವವರು, ಗರ್ಭಗುಡಿಯ ಕಟಕಟೆಯ ಮೇಲೆ ಕೂರಿಸುವ ಐದು ಬಣ್ಣದ ಗುಂಡುಗಳನ್ನೂ ಚಿನ್ನದ ಮೆರುಗಿನ ಲೋಹದ ಕೆಲಸವನ್ನೂ ಹೆಸರಿಸುವುದೇ ಇಲ್ಲ. ಕ್ಯೋಟೋದ ಗಿಯೊನ್ ಹಬ್ಬ ಇನ್ನೂ ದೊಡ್ಡ ಸಾಕ್ಷಿ. 869ರಲ್ಲಿ ಸಾಂಕ್ರಾಮಿಕ ರೋಗ ಶಮನವಾಗಲೆಂದು ಶುರುವಾದ ಈ ಹಬ್ಬದ ತೇರುಗಳಿಗೆ ಅಲ್ಲಿನ ವ್ಯಾಪಾರಿಗಳು ಬೆಲ್ಜಿಯಂನ ಚಿತ್ರಗಂಬಳಿ, ಪರ್ಷಿಯಾ ಮತ್ತು ಭಾರತದ ಜಮಖಾನೆಗಳನ್ನು ಹೊದಿಸಿದರು. ದಖ್ಖನಿನಲ್ಲಿ ನೇಯ್ದವೆಂದು ವಿದ್ವಾಂಸರು ಗುರುತಿಸಿದ ಜಮಖಾನೆಗಳೂ ಅವುಗಳಲ್ಲಿವೆ. ಒಂದು ತೇರಿನ ಮೇಲೆ ಬೈಬಲ್ಲಿನ ಐಸಾಕನ ಕಥೆ, ಇನ್ನೊಂದರ ಹಿಂಬದಿಯಲ್ಲಿ ಟ್ರಾಯ್ ಯುದ್ಧ. ಸರಳತೆಯ ತವರು ಎನಿಸಿಕೊಂಡ ಊರು ಬೀದಿಗೆ ಬಂದಾಗ ತೊಡುವ ಉಡುಗೆ ಇದು.

1930ರ ದಶಕದಲ್ಲಿ ಸರಳ ಎಂದರೆ ಶುದ್ಧ, ಶುದ್ಧ ಎಂದರೆ ಚಕ್ರವರ್ತಿಯದು ಎಂಬ ಸಮೀಕರಣ ಜಪಾನಿನ ರಾಷ್ಟ್ರವಾದಕ್ಕೆ ಚೆನ್ನಾಗಿ ಒಗ್ಗಿತು. ಟೌಟ್ ಅದನ್ನು ಬಯಸಿರಲಿಲ್ಲ. ಅವರ ಮಾತು ಅದಕ್ಕೆ ಒದಗಿದ್ದಂತೂ ನಿಜ. ಯುದ್ಧದ ನಡುವೆಯೇ, 1942ರಲ್ಲಿ, ಲೇಖಕ ಸಕಾಗುಚಿ ಆಂಗೋ ಟೌಟ್‌ಗೆ ನೇರವಾಗಿ ಎದುರು ನಿಂತು ಬರೆದರು. ಕಲ್ಲು-ಮರಳಿನ ತೋಟವೂ ನಿಕ್ಕೋದ ಚಿನ್ನವೂ ಮೂಲದಲ್ಲಿ ಒಂದೇ ಹಂಬಲದ ಎರಡು ಮುಖ ಎಂಬುದು ಅವರ ವಾದ. ಆ ಲೇಖನ ಒಂದೇ ಸಾಕು, ಟೌಟ್ ತೀರ್ಪಿನ ಬುಡ ಅಲುಗಾಡಿಸಲು. ಆದರೂ ಟೌಟ್ ಹೆಸರೇ ಹೆಚ್ಚು ಓಡಾಡುತ್ತದೆ, ಯಾಕೆಂದರೆ ಹೊರಗಿನವರ ಮೆಚ್ಚುಗೆಯೇ ರುಚಿಯ ಅಳತೆಗೋಲು ಎಂಬ ನಂಬಿಕೆ ಏಷ್ಯಾದ ನಾಡುಗಳಿಗೆ ಇನ್ನೂ ಬಿಟ್ಟಿಲ್ಲ. ಬೆಂಗಳೂರಿನಲ್ಲಿ ಬಿಳಿ ಗೋಡೆ, ಬೋಳು ಕೋಣೆಗೆ 'ಜೆನ್' ಎಂದು ಹೆಸರಿಟ್ಟು ಮಾರುವವರು ಅದೇ ತೀರ್ಪಿನ ಮೇಲೆ ಬದುಕುತ್ತಿದ್ದಾರೆ.

ಬಣ್ಣ ಕೀಳು, ಬೋಳು ಮೇಲು ಎಂಬುದು ವಿಮರ್ಶೆಯಲ್ಲ, ವರ್ಗದ ಅಹಂಕಾರ. ಕತ್ಸುರ ಕೆಲವೇ ಅತಿಥಿಗಳಿಗಾಗಿ ಕಟ್ಟಿದ ಖಾಸಗಿ ಮನೆ. ನಿಕ್ಕೋ ನೋಡುವವರ ಕಣ್ಣು ತುಂಬಲೆಂದು ಕಟ್ಟಿದ್ದು. ಆ ಶತಮಾನದ ಜಪಾನಿನಲ್ಲಿ ಎದ್ದ ಕಟ್ಟಡಗಳ ಪೈಕಿ ಅತ್ಯುತ್ತಮವಾದುದು ತೋಶೋಗು. ಕತ್ಸುರಕ್ಕೆ ಎರಡನೆಯ ಸ್ಥಾನ.