ಕನ್ನಡ ಬಲಿಪೂಜೆಯ ಗಾನ

ಉಪಾಸನೆಗೂ ಗಾನಕ್ಕೂ ಇರುವ ನಂಟು ಬಲು ಹಳೆಯದು. ಋಕ್ಕು ಸಾಮವಾಗುವದು ಗಾನದಿಂದಲೇ. ಕಥೋಲಿಕ ಕ್ರೈಸ್ತರ ಬಲಿಪೂಜೆಗೂ ಈ ಮಾತು ಸಲ್ಲುವದು. ಅವರ ಪ್ರಾಚೀನ ಗ್ರೆಗೋರಿಯನ್ ಗಾನವು ತಾಳದ ಕಟ್ಟಿಗೆ ಒಳಪಡದೆ ಲ್ಯಾಟಿನ್ ಮಾತಿನ ನಡೆಯನ್ನೇ ಅನುಸರಿಸುವದು. 1903ರಲ್ಲಿ ಪೋಪ್ ಹತ್ತನೆಯ ಪಿಯುಸರು ಅದನ್ನೇ ಪೂಜಾಗಾನದ ಮೇಲ್ಪಂಕ್ತಿಯೆಂದು ಸಾರಿ, ಪಿಯಾನೋ, ಡೋಲು, ತಾಳಗಳನ್ನು ಚರ್ಚಿನಲ್ಲಿ ನಿಷೇಧಿಸಿದರು.

1963ರ ಡಿಸೆಂಬರ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಹೊರಡಿಸಿದ ಪೂಜಾವಿಧಿಯ ಶಾಸನವು ಗ್ರೆಗೋರಿಯನ್ ಗಾನದ ಅಗ್ರಸ್ಥಾನವನ್ನು ಉಳಿಸಿಕೊಂಡೇ, ಆಯಾ ಜನಾಂಗದ ಸ್ವಂತ ಸಂಗೀತಕ್ಕೂ ತಕ್ಕ ಮನ್ನಣೆಯನ್ನು ವಿಧಿಸಿತು. ತರುವಾಯ ಕನ್ನಡದಲ್ಲಿ ಬಲಿಪೂಜೆ ನಡೆಯತೊಡಗಿತು. ಹಾರ್ಮೋನಿಯಂ, ತಬಲಾ, ತಾಳಗಳು ಒಳಬಂದವು.

ಇದರ ಮೇಲೆ ಎರಡು ಆಕ್ಷೇಪಗಳುಂಟು. ಹಳೆಯ ಗಾಂಭೀರ್ಯವು ಹೋಯಿತೆಂದು ಒಳಗಿನವರು. ನಮ್ಮ ಭಜನೆಯನ್ನು ಎರವಲು ಪಡೆದರೆಂದು ಹೊರಗಿನವರು. ಎರಡನೆಯವರು ಒಂದನ್ನು ನೆನೆಯಬೇಕು. ನಮ್ಮ ಭಜನೆಯ ಹಾರ್ಮೋನಿಯಮ್ಮಿಗೆ 1842ರಲ್ಲಿ ಹಕ್ಕುಪತ್ರ ದೊರೆತುದು ಪ್ಯಾರಿಸಿನಲ್ಲಿ. ಶಿಶುನಾಳ ಶರೀಫರ ಪದಗಳನ್ನು ಹಾಡುವಾಗ ಯಾರೂ ಜಾತಿ ಕೇಳುವದಿಲ್ಲ. ಮಟ್ಟು ಯಾರ ಇನಾಮು ಭೂಮಿಯೂ ಅಲ್ಲ.

ಮೊದಲನೆಯ ಆಕ್ಷೇಪದಲ್ಲಿ ಮಾತ್ರ ಹುರುಳುಂಟು. ಆದರೆ ದೋಷವಿರುವದು ದೇಶೀಯತೆಯಲ್ಲಲ್ಲ. ಪರದೇಶದ ಮಟ್ಟಿಗೆ ಕನ್ನಡ ಪದಗಳನ್ನು ಬಲವಂತದಿಂದ ಹೊಂದಿಸಿದಾಗ ‘ಪದ’ವು ‘ಪಾದ’ವಾಗುವದು, ‘ಮನ’ವು ‘ಮಾನ’ವಾಗುವದು. ಹ್ರಸ್ವದೀರ್ಘಗಳ ಮೇಲೆಯೇ ನಿಂತ ಭಾಷೆಗೆ ಇದು ಅರ್ಥಹಾನಿ. ಚಲಚ್ಚಿತ್ರದ ಮಟ್ಟನ್ನು ತಂದರೂ ಹಾನಿಯೇ. ಕೇಳುವವನ ಕಣ್ಣ ಮುಂದೆ ವೇದಿಯ ಬದಲು ಪರದೆ ನಿಲ್ಲುವದು. ಲ್ಯಾಟಿನ್ ಗಾನದ ಗಾಂಭೀರ್ಯವು ಅದರ ಪ್ರಾಚೀನತೆಯಿಂದಲ್ಲ, ಮಾತಿಗೆ ಅದು ತೋರಿದ ವಿಧೇಯತೆಯಿಂದ ಬಂದುದು. ಕನ್ನಡ ಗಾನವು ಅದರಿಂದ ಕಲಿಯತಕ್ಕುದು ಈ ವಿಧೇಯತೆಯನ್ನೇ.

ಇದಕ್ಕೆ ಹಿಂದಿನ ಮಾದರಿಗಳುಂಟು. 1616ರಲ್ಲಿ ಥಾಮಸ್ ಸ್ಟೀಫನ್ಸ್ ಪಾದ್ರಿಗಳು ಮರಾಠಿಯ ಓವಿಯಲ್ಲಿಯೇ ಕ್ರಿಸ್ತಪುರಾಣವನ್ನು ರಚಿಸಿದರು. ಕಥೋಲಿಕರಲ್ಲದಿದ್ದರೂ ಬಾಸೆಲ್ ಮಿಶನ್ನಿನ ಕಿಟ್ಟೆಲರು 1862ರ ಕಥಾಮಾಲೆಯಲ್ಲಿ ಕ್ರಿಸ್ತಚರಿತೆಗೆ ಈ ನೆಲದ ಛಂದಸ್ಸನ್ನೇ ಆರಿಸಿಕೊಂಡರು. ಪೂಜೆಯಲ್ಲಿ ಕೀರ್ತನೆಯನ್ನು ಒಬ್ಬನು ಹಾಡಲು ಸಭೆಯು ಪಲ್ಲವಿಯನ್ನು ಮರುನುಡಿಯುವ ಕ್ರಮವಿದೆ. ಮುಧೋಳ ಸೀಮೆಯ ತಿಮ್ಮಾಪುರದಂಥ ಊರಿನವರಿಗೆ ಇದು ಹೊಸದೇ? ಭಜನೆಯ ಮೇಳವು ನಡೆಯುವದೂ ಹೀಗೆಯೇ. ಅಕ್ಷರ ಬಾರದವನೂ ಪಲ್ಲವಿಯನ್ನು ಎತ್ತಿಕೊಳ್ಳುವನು.

ಹಾಗೆಂದು ಭಜನೆಯನ್ನು ಎಲ್ಲರ ಮೇಲೆ ಹೇರುವದೂ ಸಲ್ಲದು. ಮಂಗಳೂರಿನ ಕೊಂಕಣಿ ಕಥೋಲಿಕರಿಗೆ ಪಾಶ್ಚಾತ್ಯ ಮಟ್ಟಿನ ಸ್ತೋತ್ರಗಳು ತಲೆಮಾರುಗಳಿಂದ ಬಂದ ಮನೆಯ ಸೊತ್ತು. ಅದನ್ನು ಪರಕೀಯವೆಂದು ಕಿತ್ತುಕೊಂಡರೆ ಹಿಂದಿನ ತಪ್ಪನ್ನೇ ತಿರುಗಿ ಮಾಡಿದಂತಾಗುವದು. ಯಾವ ಗಾನದಲ್ಲಿ ಪ್ರಾರ್ಥಿಸುವವನ ಮಾತು ಮುಕ್ಕಾಗದೆ ಉಳಿಯುವದೋ, ನೆರೆದವರು ಬಾಯಿಗೂಡಿಸಬಲ್ಲರೋ, ಅದೇ ಆ ಸಭೆಗೆ ತಕ್ಕ ಪೂಜಾಗಾನ. ದೇಶಿಯೋ ವಿದೇಶಿಯೋ ಎಂಬ ಪ್ರಶ್ನೆಯು ಅದರ ನಂತರದ್ದು.