ಅಂಡಾಶಯದ ರೋಗಗಳಲ್ಲಿ ಎಡ-ಬಲ: ಸಂಕೇತ ಮತ್ತು ಕಾರಣ

ಎಡಬಲಗಳ ಭೇದಕ್ಕೆ ನಮ್ಮ ಪರಂಪರೆಯು ಅರ್ಥವನ್ನು ಆರೋಪಿಸುತ್ತ ಬಂದಿದೆ. ರೋಣದ ಉತ್ತರಕ್ಕಿರುವ ಬಾದಾಮಿಯ ಮೊದಲನೆಯ ಗುಹೆಯ ಅರ್ಧನಾರೀಶ್ವರನಲ್ಲಿ ಎಡಭಾಗವು ದೇವಿಯದು. ಸುಶ್ರುತಸಂಹಿತೆಯ ಶಾರೀರಸ್ಥಾನವು ಬಲಸ್ತನದಲ್ಲಿ ಮೊದಲು ಹಾಲು ಕಾಣುವುದನ್ನು ಗಂಡುಮಗುವಿನ ಲಕ್ಷಣವೆಂದು ಗಣಿಸುತ್ತದೆ. ಮೊದಲನೆಯದು ಸಂಕೇತ, ಶಿಲ್ಪದಲ್ಲಿ ಅದು ಸಾರ್ಥಕ. ಎರಡನೆಯದು ಸಂಕೇತವನ್ನೇ ದೇಹದ ನಿಯಮವೆಂದು ಬಗೆದದ್ದು. ಪರೀಕ್ಷೆಗೆ ಅದು ನಿಲ್ಲದು.

ಹಾಗೆಂದು ದೇಹದಲ್ಲಿ ಈ ಭೇದವೇ ಇಲ್ಲವೆಂದಲ್ಲ. ಎಂಡೊಮೆಟ್ರಿಯೋಸಿಸ್ ರೋಗದ ಗಂಟುಗಳು ಎಡ ಅಂಡಾಶಯದಲ್ಲಿ ಹೆಚ್ಚು. ಅಂಡಾಶಯವು ತಿರುಚಿಕೊಳ್ಳುವುದು ಬಲದಲ್ಲಿ ಹೆಚ್ಚು. ಎರಡಕ್ಕೂ ವಿದ್ವಾಂಸರು ಎಡಗಡೆಯ ದೊಡ್ಡ ಕರುಳಿನ ಬಾಗನ್ನು ಕಾರಣವಾಗಿ ಸೂಚಿಸುತ್ತಾರೆ. ಹಿಮ್ಮುಖವಾಗಿ ಹರಿದ ಮುಟ್ಟಿನ ರಕ್ತದ ಕಣಗಳು ಅದರ ಮರೆಯಲ್ಲಿ ನೆಲೆಸುತ್ತವೆ. ಅದೇ ಕರುಳು ಎಡ ಅಂಡಾಶಯದ ಚಲನೆಗೆ ಎಡೆಗೊಡದು. ಆದರೆ ಸ್ಯಾಂಪ್ಸನ್ 1927ರಲ್ಲಿ ಪ್ರತಿಪಾದಿಸಿದ ಈ ಹಿಮ್ಮುಖ ಸ್ರಾವವು ಬಹುಪಾಲು ಸ್ತ್ರೀಯರಲ್ಲಿದ್ದರೂ ರೋಗವು ಕೆಲವರಲ್ಲಿ ಮಾತ್ರ. ಆದುದರಿಂದ ಕರುಳಿನ ವಾದವು ರೋಗದ ನೆಲೆಯನ್ನು ವಿವರಿಸೀತೇ ಹೊರತು ಅದರ ಹುಟ್ಟನ್ನಲ್ಲ.

ಈ ವಿವೇಚನೆ ಕೇವಲ ಪಾಂಡಿತ್ಯಕ್ಕಾಗಿ ಅಲ್ಲ. ರೋಣ, ನರಗುಂದ, ಗಜೇಂದ್ರಗಡಗಳ ಹೆಣ್ಣುಮಗಳೊಬ್ಬಳು ಕಿಬ್ಬೊಟ್ಟೆಯ ನೋವನ್ನು ಹೇಳಿಕೊಂಡಾಗ, ಎಡವಾದರೆ ಮುಟ್ಟಿನ ಸಹಜ ಬಾಧೆ, ಬಲವಾದರೆ ಅಪೆಂಡಿಕ್ಸ್ ಎಂದು ಮೊದಲೇ ನಿರ್ಣಯಿಸಲಾಗದು. ತಿರುಚಿದ ಅಂಡಾಶಯವನ್ನು ಉಳಿಸಲು ದೊರೆಯುವ ಕಾಲ ಗಂಟೆಗಳ ಲೆಕ್ಕದ್ದು. ಹೆಚ್ಚು ಕಡಿಮೆಯೆಂಬುದು ಬಹುಜನರ ಲೆಕ್ಕ. ಎದುರಿಗಿರುವವಳ ನೋವಿಗೆ ಪರೀಕ್ಷೆಯೇ ಪ್ರಮಾಣ.